ಸೋಮವಾರದ ಗುಳಿಗೆ

ಕಳೆದ ವಾರ ಕೌದಿ ಹೊಲಿಯಬೇಕೆಂದು ಚಿಂದಿಯ ಗಂಟು ಬಿಚ್ಚಿದೆ. ಕಲಬುರಗಿಯ ಬ್ರಹ್ಮಪುರದ ಈ ಎರಡು ಕೋಣೆಯ ಮನೆಯಲ್ಲಿ ಅಂಥ ಗಂಟುಗಳಿಗೇನೂ ಬರವಿಲ್ಲ. ರವಿಕೆ ಹೊಲಿಯುವವಳ ಮನೆಯಲ್ಲಿ ಬೇರೆ ಏನಿದ್ದೀತು? ಜರಿ ಅಂಚು, ಖಣದ ತುಂಡು, ಯಾರದೋ ಮದುವೆ ಸೀರೆಯಿಂದ ಉಳಿದ ಹಸಿರು ಪಟ್ಟಿ… ಅವುಗಳ ನಡುವಿನಿಂದ ಮೈಬಣ್ಣದ ಒಂದು ಉದ್ದ ಕಾಲುಚೀಲ ಹೊರಗೆ ಬಂತು. ತೊಡೆಯವರೆಗೆ ಬರುವಂಥದ್ದು, ಎಳೆದರೆ ರಬ್ಬರಿನಷ್ಟು ಬಿಗಿ. ಜೋಡಿಯಿಲ್ಲ, ಒಂಟಿ. ಮೂಗಿನ ಹತ್ತಿರ ಹಿಡಿದೆ. ದವಾಖಾನೆಯ ಸ್ಪಿರಿಟ್ಟಿನ ವಾಸನೆ ಯಾವಾಗಲೋ ಹೋಗಿತ್ತು, ವಿಭೂತಿಯ ವಾಸನೆ ಮಾತ್ರ ಇನ್ನೂ ಇದೆ ಅನ್ನಿಸಿತು. ಅನ್ನಿಸಿದ್ದಷ್ಟೇ ಇರಬೇಕು. ಇಷ್ಟು ವರ್ಷ ವಾಸನೆ ಎಲ್ಲಿ ಉಳಿಯುತ್ತದೆ!

ಅದು ಅಕ್ಕೋರದು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಕಮಲಾಪುರದ ಸಾಲಿಯಲ್ಲಿ ನನಗೆ ಅಕ್ಷರ ತಿದ್ದಿಸಿದವರು, ಮಗ್ಗಿ ಬಾಯಿಪಾಠ ಮಾಡಿಸಿದವರು ಅವರೇ. ಅವರಿಗೊಂದು ಹೆಸರಿತ್ತು, ಆದರೆ ಊರಲ್ಲಿ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಅವರ ಸ್ವಂತ ತಮ್ಮನೂ ಅಕ್ಕೋರು ಅಂತಲೇ ಅನ್ನುತ್ತಿದ್ದ. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಅವರನ್ನು ಕೇಳುವ ಗುಂಡಿಗೆ ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ. ಹಣೆಯ ತುಂಬ ವಿಭೂತಿ, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡ ಇಳಕಲ್ ಸೀರೆ, ಕೊರಳಲ್ಲಿ ಕರಡಿಗೆಯೊಳಗಿನ ಲಿಂಗ. ನಡೆದು ಬರುವ ಸಪ್ಪಳಕ್ಕೇ ಹುಡುಗರು ಕೈಕಟ್ಟಿ ಕೂಡುತ್ತಿದ್ದರು.

ಆದರೆ ಸೋಮವಾರ ಮಾತ್ರ ನಮಗೆ ಅವರ ಮೇಲೆ ಭಾರೀ ಪ್ರೀತಿ. ಸೋಮವಾರ ಅಕ್ಕೋರಿಗೆ ಉಪವಾಸ. ಹಾಗಿದ್ದೂ ಬುತ್ತಿ ಡಬ್ಬಿ ತರುತ್ತಿದ್ದರು. ಆಗ ಸಾಲಿಯಲ್ಲಿ ಬಿಸಿಯೂಟ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಡಬ್ಬಿಯನ್ನು ಯಾರ ಮುಂದೆಯಾದರೂ ಇಟ್ಟು, "ಖಾಲಿ ಮಾಡಿ ತೊಳದ ಕೊಡು" ಅನ್ನುತ್ತಿದ್ದರು. ಬಹಳ ಸಲ ಆ ಡಬ್ಬಿ ನನ್ನ ಮುಂದೆಯೇ ಬಂದಿದೆ. ರೊಟ್ಟಿ, ಶೇಂಗಾ ಹಿಂಡಿ, ಒಂದು ಕೆಂಪು ಬಾಳೆಹಣ್ಣು. ಗಣಿತದಲ್ಲಿ ನಾನು ದಡ್ಡಿ, ಹೊಟ್ಟೆಯ ವಿಷಯದಲ್ಲಿ ಮಾತ್ರ ಬಹಳ ಚುರುಕು.

ಮುಂದೆ ನನ್ನ ಮದುವೆಯಾಗಿ ಕಲಬುರಗಿಗೆ ಬಂದೆ. ಮನೆಯವರು ಒಂದು ದಾಲ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಮಕ್ಕಳಾಗಲಿಲ್ಲ. ಅವರು ತೀರಿಕೊಂಡ ಮೇಲೆ ನನಗೆ ಉಳಿದದ್ದು ಈ ಹೊಲಿಗೆ ಮಷಿನ್ನು ಮತ್ತು ಒಂದು ರೇಡಿಯೋ. ಹಾಡು ಕೇಳುವ ಹುಚ್ಚಿನಿಂದ ನಾನು ರೇಡಿಯೋ ಹಚ್ಚುತ್ತಿರಲಿಲ್ಲ. ಮನೆಯಲ್ಲಿ ಯಾರಾದರೂ ಮಾತಾಡುತ್ತಿರಲಿ ಅಂತ ಹಚ್ಚುತ್ತಿದ್ದೆ. ಹೊಲಿಸುವವರು ಬರುತ್ತಿದ್ದರು, ತೋಳು ಸಡಿಲಾಯಿತು, ಕೊರಳು ಬಿಗಿಯಾಯಿತು ಎಂದು ಜಗಳಾಡಿ ಹೋಗುತ್ತಿದ್ದರು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡರೆ ಮರುದಿನದವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಅಕ್ಕೋರು ರವಿಕೆಯ ಬಟ್ಟೆ ಹಿಡಿದು ಬರುತ್ತಿದ್ದರು. ಅಳತೆ ಕೊಡುವಾಗಲೂ ನೆಟ್ಟಗೆ ನಿಲ್ಲುತ್ತಿದ್ದರು. ಬರಬರುತ್ತ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದರು, ಆಮೇಲೆ ಕೋಲು ಬಂತು. ಒಂದು ಸಲ ದೀಪಾವಳಿಗೆ ಬಹಳ ದಿನ ಇರುವಾಗಲೇ, ಸುಡುಬಿಸಿಲಲ್ಲಿ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಬಟ್ಟೆಯಿರಲಿಲ್ಲ.

"ಬಲಗಾಲ ಮೊಣಕಾಲ ಪೂರಾ ಸವದು ಹೋಗ್ಯದಂತ. ಹೊಸಾದು ಕೂಡಸ್ತಾರಂತ. ಆಪರೇಶನ್ ಆದ ಮ್ಯಾಲ ಡಾಕ್ಟರ್ ಹತ್ರನೇ ಇರ್ಬೇಕಂತ ಹೇಳ್ಯಾರ. ನಿನ್ನ ಮನ್ಯಾಗ ನನಗ ಒಂದ ಖಾಟಿನ ಜಾಗ ಅದ ಏನು?"

ಅವರು ಕೇಳಿದ ರೀತಿಯೇ ಹಾಗಿತ್ತು, ಮಗ್ಗಿ ಒಪ್ಪಿಸು ಅಂದಂತೆ. ನಾನು ಅದ ಅಕ್ಕೋರೆ ಅಂದೆ. ಖಾಟು ನನ್ನ ಹತ್ತಿರ ಇರಲಿಲ್ಲ. ಮರುದಿನವೇ ತಂದೆ.

ಸ್ಟೇಶನ್ ಬಜಾರ ದಾಟಿದ ಮೇಲೆ ಇದ್ದ ಒಂದು ದವಾಖಾನೆಯಲ್ಲಿ ಆಪರೇಶನ್ ಆಯಿತು. ಅವರ ತಮ್ಮನ ಮಗ ಕಮಲಾಪುರದಿಂದ ಬಂದಿದ್ದ. ಬಾಳೆ ತೋಟದವನು, ಬಹಳ ಮೆತ್ತಗಿನ ಮನುಷ್ಯ. ಹೊಸ ಮೊಣಕಾಲು ಚೆನ್ನಾಗಿಯೇ ಕೂತಿತ್ತು. ಇನ್ನು ಹೆದರಿಕೆಯಿಲ್ಲ ಎಂದು ನಾವೆಲ್ಲ ನಿಟ್ಟುಸಿರು ಬಿಡುವಷ್ಟರಲ್ಲಿ ಡಾಕ್ಟರು ಬಂದು ಹೊಸದೊಂದು ಹೆದರಿಕೆ ಇಟ್ಟು ಹೋದರು.

"ಅಕ್ಕೋರೆ, ಹಾಲಿಗಿ ಹೆಪ್ಪ ಹಾಕಿ ಅಲಗಾಡಿಸದಂಗ ಇಟ್ರ ಏನಾಗತದ? ಮೊಸರ ಆಗತದ ಹೌದಲ್ರಿ? ಆಪರೇಶನ್ ಆದ ಕಾಲಾಗ ರಕ್ತನೂ ಹಂಗ ಗಟ್ಟಿ ಆಗೋ ಅಂಜಿಕಿ ಇರ್ತದ. ಆ ಗಟ್ಟಿ ತುಣುಕು ಕಿತ್ತು ಮ್ಯಾಲ ಎದಿಯಾಗಿನ ಪುಪ್ಪಸಕ್ಕ ಹೋತಂದ್ರ ಉಸುರು ಕಟ್ಟಿ ಜೀವಕ್ಕ ಕುತ್ತು. ಅದಕ್ಕ ಈಗ ಸೂಜಿ, ಮುಂದ ಗುಳಗಿ. ಕಾಲಿಗಿ ಚೀಲ, ಪಾದ ಆಡಸೋದು. ಇದರಾಗ ಒಂದೂ ಬಿಡಂಗಿಲ್ಲ."

ಆ ಸೂಜಿಯನ್ನು ಹೊಟ್ಟೆಯ ಚರ್ಮಕ್ಕೆ ಹಾಕಬೇಕಿತ್ತು, ದಿನಕ್ಕೊಂದು. ಮನೆಗೆ ಹೋದ ಮೇಲೂ ಕೆಲವು ದಿನ ಹಾಕಬೇಕು, ಮನೆಯವರು ಯಾರು ಕಲಿಯುತ್ತೀರಿ ಎಂದು ನರ್ಸಬಾಯಿ ಕೇಳಿದರು. ತಮ್ಮನ ಮಗ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

"ಸೂಜಿ ಅಂದ್ರ ನಂದೇ ಕಸಬು ರೀ," ಅಂದೆ ನಾನು.

"ಬಟ್ಟಿ ಬ್ಯಾರೆ, ಚರ್ಮ ಬ್ಯಾರೆರೀ ಬಾಯಿ," ಅಂದರು ಅವರು. ಆದರೂ ಕಲಿಸಿದರು. ಹೊಕ್ಕಳ ಬಿಟ್ಟು ದೂರ, ಇವತ್ತು ಎಡಕ್ಕಾದರೆ ನಾಳೆ ಬಲಕ್ಕೆ. ಎರಡು ಬೆರಳಲ್ಲಿ ಚರ್ಮದ ಮಡಿಕೆ ಹಿಡಿದು ನೆಟ್ಟಗೆ ಇಳಿಸಬೇಕು, ನಿಧಾನಕ್ಕೆ ಒತ್ತಬೇಕು, ತೆಗೆದ ಮೇಲೆ ತಿಕ್ಕಬಾರದು. ಸೀರೆಗೆ ಫಾಲ್ ಹಚ್ಚುವುದಕ್ಕಿಂತ ಸುಲಭದ ಕೆಲಸ. ಕಷ್ಟವಿದ್ದದ್ದು ಬೇರೆ ಕಡೆ. ಅಕ್ಕೋರ ಹೊಟ್ಟೆಯನ್ನು ಬಹುಶಃ ಅವರ ತಾಯಿಯ ನಂತರ ಯಾರೂ ನೋಡಿರಲಿಲ್ಲ. ಮೊದಲ ದಿನ ಸೆರಗು ಸರಿಸುವಾಗ ಅವರು ಕಣ್ಣು ಮುಚ್ಚಿಕೊಂಡರು. ನನ್ನ ಕೈ ನಡುಗಿತು. ಈ ಕೈಯ ಮೇಲೆ ಅವರು ಎಷ್ಟು ಸಲ ಛಡಿಯಿಂದ ಕೊಟ್ಟಿದ್ದರೋ…

"ನಡಗಬ್ಯಾಡ. ಹೊಲಿ," ಅಂದರು ಕಣ್ಣು ಮುಚ್ಚಿಕೊಂಡೇ.

ಮನೆಗೆ ಬಂದ ಮೇಲೆ ಅದು ರೂಢಿಯಾಯಿತು. ಸೂಜಿ ತಾಗಿದ ಕಡೆ ನೀಲಿಗಟ್ಟಿದ ಕಲೆಗಳು ಬಿದ್ದವು. ಅಷ್ಟು ಕಲೆ ಆಗುತ್ತದೆ, ಹೆದರಬೇಡಿ, ವಸಡಿನಲ್ಲೋ ಮೂತ್ರದಲ್ಲೋ ರಕ್ತ ಕಂಡರೆ ಮಾತ್ರ ಓಡಿ ಬನ್ನಿ ಎಂದು ನರ್ಸಬಾಯಿ ಮೊದಲೇ ಹೇಳಿದ್ದರು. ಅಕ್ಕೋರು ಕನ್ನಡಕ ಹಾಕಿಕೊಂಡು ತಮ್ಮ ಹೊಟ್ಟೆಯನ್ನು ತಾವೇ ಬಗ್ಗಿ ನೋಡಿಕೊಂಡರು.

"ನನ್ನ ಹೊಟ್ಟಿ ಮ್ಯಾಲ ಕರ್ನಾಟಕದ ನಕಾಶಿ ತಗದೀಯಲ್ಲಬೇ! ಇದು ಬೀದರ, ಇದು ರಾಯಚೂರ. ಕಲಬುರಗಿ ಎಲ್ಲಿ ಬಿಟ್ಟಿ?"

"ನಾಳೆ ಅಲ್ಲೇ ಚುಚ್ತೀನ್ರಿ," ಅಂದೆ. ಅವರು ನಕ್ಕರು. ಅಕ್ಕೋರು ನಗುವುದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮುಂದಿನ ಒಂದು ಹಲ್ಲು ಸೊಟ್ಟಗಿತ್ತು. ಸಾಲಿಯಲ್ಲಿ ನಮ್ಮೆದುರು ಯಾಕೆ ನಗುತ್ತಿರಲಿಲ್ಲ ಎಂದು ಆಗ ತಿಳಿಯಿತು.

ಆ ದಿನಗಳಲ್ಲಿ ನಾನು ರೇಡಿಯೋ ಹಚ್ಚುವುದನ್ನೇ ಮರೆತೆ. ಮುಂಜಾನೆ ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತ ಅಕ್ಕೋರು ಮಗ್ಗಿ ಹೇಳುತ್ತಿದ್ದರು. ಹದಿಮೂರರ ಮಗ್ಗಿಗೆ ಒಂದು ಪಾದ, ಹದಿನೇಳರ ಮಗ್ಗಿಗೆ ಇನ್ನೊಂದು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಗೊತ್ತಿದ್ದಲ್ಲಿ ದನಿ ಸೇರಿಸುತ್ತಿದ್ದೆ, ಗೊತ್ತಿಲ್ಲದಲ್ಲಿ ರೊಟ್ಟಿಯ ಸಪ್ಪಳ ಜೋರು ಮಾಡುತ್ತಿದ್ದೆ. ಆಮೇಲೆ ಕಾಲುಚೀಲದ ಕುಸ್ತಿ. ಇಷ್ಟು ವರ್ಷ ಹೊಲಿದಿದ್ದೇನೆ, ಅಷ್ಟು ಹಟಮಾರಿ ಬಟ್ಟೆಯನ್ನು ನಾನು ಕಂಡಿಲ್ಲ. ಬೆರಳಿನಿಂದ ಹಿಡಿದು ತೊಡೆಯವರೆಗೆ ಒಂದು ಸುಕ್ಕೂ ಇಲ್ಲದಂತೆ ಏರಿಸಬೇಕು. ಏರಿಸಿದ ಮೇಲೆ ಇಬ್ಬರಿಗೂ ದಮ್ಮು, ಇಬ್ಬರಿಗೂ ಚಹಾ.

ಬೆಳಿಗ್ಗೆ ವಾಕರ್ ಹಿಡಿದು ಅಂಗಳದವರೆಗೆ ನಡೆದು ಬಂದು ಬಾಗಿಲ ಹತ್ತಿರ ಖುರ್ಚಿಯಲ್ಲಿ ಕೂಡುತ್ತಿದ್ದರು. ಹೊಲಿಸಲು ಬಂದವರು ರೇಟಿಗೆ ಕೊಸರಾಡಿದರೆ ಅಕ್ಕೋರು ಒಮ್ಮೆ ನೋಡುತ್ತಿದ್ದರು, ಅಷ್ಟೇ ಸಾಕಾಗುತ್ತಿತ್ತು. ಅವರಿಗಿದ್ದ ದುಃಖ ಒಂದೇ. ಇಷ್ಟು ವರ್ಷ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲಿಂಗಪೂಜೆ ಮಾಡಿದವರು ಈಗ ಖುರ್ಚಿಯಲ್ಲಿ ಕಾಲು ಇಳಿಬಿಟ್ಟು ಮಾಡಬೇಕಾಗಿತ್ತು. ನೆಲದ ಮೇಲೆ ಕೂಡಬಾರದು, ಕಾಲು ಪೂರಾ ಮಡಚಬಾರದು ಎಂದು ಡಾಕ್ಟರು ಹೇಳಿದ್ದರು. ಪೂಜೆ ಮುಗಿಸಿ, "ಸಾಹೇಬರಂಗ ಕುಂತು ದೇವರ ಮುಂದ ಹಾಜರಿ ಹಾಕಾಕತ್ತೀನಿ" ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ನಾನು ಅವರ ಬಟ್ಟೆ ಒಗೆದೆ, ತಲೆ ಬಾಚಿದೆ, ಕೈಹಿಡಿದು ನಡೆಸಿದೆ. ಪುಣ್ಯಕ್ಕಾಗಿ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಎರಡು ತಾಟು ಇಡುವ ಸುಖಕ್ಕೆ ಮಾಡಿದೆ.

ಸೂಜಿಯ ದಿನಗಳು ಮುಗಿದು ಗುಳಿಗೆ ಶುರುವಾಯಿತು. ಮೊಣಕಾಲಿನ ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರು ಹೇಳಿದರು: "ದಿನಾ ಮುಂಜಾನಿ, ನಾಷ್ಟಾ ಆದ ಮ್ಯಾಲ ಒಂದ ಗುಳಗಿ. ಮರೀಬ್ಯಾಡ್ರಿ ಮತ್ತ."

"ನಾ ಏನ್ ಮರಿಯಾಕಿ ಅಲ್ಲರೀ," ಅಂದರು ಅಕ್ಕೋರು ಸ್ವಲ್ಪ ಸಿಟ್ಟಿನಿಂದಲೇ. ಗುಳಿಗೆಯ ಪಟ್ಟಿಯನ್ನು ತಮ್ಮ ಸಂಚಿಯಲ್ಲಿ ಹಾಕಿಕೊಂಡರು. ಊರಿಗೆಲ್ಲ ಶಿಸ್ತು ಕಲಿಸಿದವರಿಗೆ ಗುಳಿಗೆ ತೊಗೊಂಡಿರೇನು ಎಂದು ಕೇಳುವುದು ಅಧಿಕಪ್ರಸಂಗ ಅನ್ನಿಸಿ ನಾನು ಆ ಸಂಚಿಯ ಗೊಡವೆಗೆ ಹೋಗಲಿಲ್ಲ.

ಅಷ್ಟರಲ್ಲಿ ಶ್ರಾವಣ ಬಂದಿತ್ತು. ಬೇರೆ ದಿನಗಳಲ್ಲಿ ಅಕ್ಕೋರ ಸೋಮವಾರ ಅಂದರೆ ಒಪ್ಪತ್ತು. ಶ್ರಾವಣದಲ್ಲಿ ಮಾತ್ರ ಕಟ್ಟುನಿಟ್ಟು. ಸಂಜೆಯ ಪೂಜೆ ಆಗುವವರೆಗೆ ಬಾಯಿಗೆ ನೀರೂ ಇಲ್ಲ. ಶ್ರಾವಣದ ಮೊದಲ ಸೋಮವಾರ ಬಂದಾಗ ಸೂಜಿ ಇನ್ನೂ ನಡೆದಿತ್ತು. ಉಪವಾಸಕ್ಕೆ ಅಡ್ಡಿಯಿಲ್ಲವೇ ಎಂದು ನಾನು ಕೇಳಿದ್ದೆ. "ಅದು ಬಾಯಾಗಿಂದ ಹೋಗಂಗಿಲ್ಲಲ್ಲ, ಚುಚ್ಚು" ಅಂದಿದ್ದರು. ಹಾಗಾಗಿ ಆ ಸೋಮವಾರ ಸಸೂತ್ರವಾಗಿ ಕಳೆಯಿತು. ಮುಂದಿನ ಸೋಮವಾರಗಳಲ್ಲೂ ಅವರು ಉಪವಾಸ ಇದ್ದರು. ಸಂಜೆ ನಾನು ಸಾಬುದಾಣಿ ಮಾಡುತ್ತಿದ್ದೆ, ಇಬ್ಬರೂ ತಿನ್ನುತ್ತಿದ್ದೆವು. ಎಲ್ಲ ನನ್ನ ಕಣ್ಣೆದುರೇ ನಡೆಯುತ್ತಿತ್ತು…

ಹಾಗೇ ಒಂದು ಸೋಮವಾರ ಕಳೆದು ಮಂಗಳವಾರ ಬೆಳಿಗ್ಗೆ ಬಲಗಾಲಿಗೆ ಚೀಲ ಏರಿಸುತ್ತಿದ್ದೆ. ಮೀನಖಂಡದ ಹತ್ತಿರ ಬಂದು ನಿಂತಿತು. ಎಷ್ಟು ಎಳೆದರೂ ಮೇಲೆ ಬರಲೊಲ್ಲದು. ಅಕ್ಕೋರು ಹಲ್ಲು ಕಚ್ಚಿದರು. ಆಪರೇಶನ್ ಆದ ಕಾಲು ಬಾತಿರುತ್ತದೆ ಎಂಬುದು ಗೊತ್ತಿದ್ದದ್ದೇ, ಆದರೆ ಆ ಬಾವು ದಿನದಿನಕ್ಕೆ ಇಳಿಯುತ್ತ ಬಂದಿತ್ತು. ಚೀಲ ತೆಗೆದು ನೋಡಿದೆ. ಮೊಣಕಾಲ ಕೆಳಗೆ ಚರ್ಮ ಮಿರಿಮಿರಿ ಮಿಂಚುತ್ತಿತ್ತು, ಮುಟ್ಟಿದರೆ ಬೆಚ್ಚಗೆ. ಕೊರಳಲ್ಲಿ ಅಳತೆ ಟೇಪು ಇದ್ದೇ ಇರುತ್ತದೆ. ಎರಡೂ ಮೀನಖಂಡಕ್ಕೆ ಸುತ್ತಿದೆ. ಬಲಗಾಲಿನದು ಎಷ್ಟು ಹೆಚ್ಚಿತ್ತೆಂದರೆ, ತಪ್ಪು ಓದಿದೆನೇನೋ ಎಂದು ಮತ್ತೊಮ್ಮೆ ಸುತ್ತಿದೆ.

ಬಾಜು ಮನೆಯ ಚಿಗವ್ವ ಬಂದು ನೋಡಿ, "ಹವಾ ಹಿಡದದ. ಎಳ್ಳೆಣ್ಣಿ ಕಾಸಿ ಗಚ್ಚಾಗಿ ತಿಕ್ಕಿದ್ರ ಇಳೀತದ" ಅಂದಳು. ಒಳ್ಳೆಯ ಮನಸ್ಸಿನ ಹೆಂಗಸು, ಹೇಳಿ ಸುಮ್ಮನಿರಲಿಲ್ಲ, ತನ್ನ ಮನೆಯಿಂದ ಎಣ್ಣೆ ಕಾಸಿಕೊಂಡೇ ಬಂದಳು. ಅಕ್ಕೋರು ಕಾಲು ಚಾಚಿ ಕೊಟ್ಟರು. ನನಗೆ ಏನನ್ನಿಸಿತೋ, ಒಂದು ನಿಮಿಷ ತಡಿ ಚಿಗವ್ವಾ ಎಂದು ದವಾಖಾನೆಗೆ ಫೋನು ಹಚ್ಚಿದೆ. ಆ ಕಡೆಯಿಂದ ಡಾಕ್ಟರ ದನಿ ಹೊರಗೆಲ್ಲ ಕೇಳಿಸುವಷ್ಟು ಜೋರಾಯಿತು: "ತಿಕ್ಕಬ್ಯಾಡ್ರಿ! ಕೈ ಹಚ್ಚಬ್ಯಾಡ್ರಿ! ಈಗಿಂದೀಗ ಕರಕೊಂಡ ಬರ್ರಿ!" ಚಿಗವ್ವನ ಬೆರಳು ಅಷ್ಟೊತ್ತಿಗೆ ಎಣ್ಣೆಯಲ್ಲಿ ಅದ್ದಿದ್ದವು. ಹಾಗೇ ಸೆರಗಿಗೆ ಒರೆಸಿಕೊಂಡು ಆಟೋ ಕರೆಯಲು ಓಡಿದಳು.

ಆಟೋದಲ್ಲಿ ಅಕ್ಕೋರು ಸೀಟಿನ ಉದ್ದಕ್ಕೂ ಕಾಲು ಚಾಚಿ ನನಗೆ ಒರಗಿ ಕೂತಿದ್ದರು. ಒಂದೊಂದು ತಗ್ಗಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆ ತುಣುಕು ಕಿತ್ತು ಮೇಲೆ ಹೋದರೆ… ಅವರು ಉಸಿರಾಡುವುದನ್ನು ಬೆನ್ನ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ನಾನು ನಿಧಾನ ಹೋಗಪ್ಪಾ ಎಂದು ಆಟೋದವನಿಗೆ ಹೇಳಿದೆ, ಮರುಗಳಿಗೆಯೇ ಜಲ್ದಿ ಹೋಗಪ್ಪಾ ಅಂದೆ.

ಕಾಲಿನ ಸ್ಕ್ಯಾನು ಮಾಡುವ ಕೋಣೆಯೊಳಗೆ ನನ್ನನ್ನು ಬಿಡಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತೆ. ಮನೆಯವರನ್ನು ಕಳೆದುಕೊಂಡ ದಿನವೂ ನಾನು ಇಂಥದ್ದೇ ಬೆಂಚಿನ ಮೇಲೆ ಕೂತಿದ್ದೆ. ಆಗ ಸುತ್ತ ನಾಲ್ಕು ಜನ ಇದ್ದರು. ಇವತ್ತು ನಾನೊಬ್ಬಳೇ, ಕೊರಳಲ್ಲಿ ಟೇಪು. ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿಯನ್ನೂ ಮೆಟ್ಟಿರಲಿಲ್ಲ. ಬೇರೆ ಏನೂ ಬೇಡ, ಇವರೊಬ್ಬರು ಉಳಿಯಲಿ ಎಂದು ಬೇಡಿಕೊಂಡೆ. ನಾನು ಅಂಥ ದೈವಭಕ್ತೆಯಲ್ಲ, ಆವತ್ತು ಆದೆ.

ರಕ್ತ ಹೆಪ್ಪುಗಟ್ಟಿತ್ತು. ಆದರೆ ಮೀನಖಂಡದಲ್ಲೇ ನಿಂತಿತ್ತು, ಮೇಲೆ ಹೋಗಿರಲಿಲ್ಲ. ಡಾಕ್ಟರು ಅದನ್ನು ಹೇಳಿ, ಅಕ್ಕೋರ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಗುಳಗಿ ದಿನಾ ತೊಗೊಂಡೀರಲ್ರಿ ಅಕ್ಕೋರೆ?"

"ದಿನಾ ತೊಗೊಂಡೀನ್ರಿ. ಸೋಮವಾರ ಬಿಟ್ಟು."

ಆ ಸೋಮವಾರಗಳ ಸಂಜೆ ಸಾಬುದಾಣಿ ಬಡಿಸಿದವಳು ನಾನೇ. ಡಾಕ್ಟರು "ಸೋಮವಾರ ಯಾಕ ಬಿಟ್ರಿ?" ಎಂದರು.

"ಮುಂಜಾನಿ ನಾಷ್ಟಾ ಆದ ಮ್ಯಾಲ ಅಂತ ನೀವ ಹೇಳೀರಿ. ಸೋಮವಾರ ನನಗ ಉಪಾಸ ಇರ್ತದ. ನಾಷ್ಟಾನೇ ಇಲ್ಲಂದ ಮ್ಯಾಲ ಗುಳಗಿ ಹ್ಯಾಂಗ ತೊಗೊಳ್ಳಿ? ಮತ್ತ ಗುಳಗಿ ನುಂಗಬೇಕಂದ್ರ ನೀರ ಕುಡೀಬೇಕು."

"ನೀರೂ ಕುಡಿಯಂಗಿಲ್ಲೇನು?"

"ಸಂಜಿತನಕ ಇಲ್ರಿ. ಶ್ರಾವಣ ಅಲ್ಲೇನು?"

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಕನ್ನಡಕ ತೆಗೆದು ಒರೆಸಿಕೊಂಡು ಮೆತ್ತಗೆ ಹೇಳಿದರು: "ಒಂದ ಮಾತ ನನಗ ಹೇಳಿದ್ರ ಗುಳಗಿ ದಿನಾ ಸಂಜಿಗೇ ಬರ್ಕೊಡ್ತಿದ್ದೆನಲ್ರಿ ಅಕ್ಕೋರೆ. ನಿಮ್ಮ ಉಪಾಸನೂ ಉಳೀತಿತ್ತು, ಕಾಲೂ ಉಳೀತಿತ್ತು. ನಾನೂ ಕೇಳ್ಲಿಲ್ಲ. ಇಲ್ಲಿ ಶ್ರಾವಣದಾಗ ಅರ್ಧಾ ಮಂದಿ ಉಪಾಸ ಇರ್ತಾರಂತ ಗೊತ್ತಿದ್ದೂ ಕೇಳ್ಲಿಲ್ಲ."

ಬಿಟ್ಟ ಗುಳಿಗೆಯಿಂದಲೇ ಆಯಿತೋ, ಆ ದಿನಗಳಲ್ಲಿ ಮೈಗೆ ನೀರು ಸಾಲದೆ ಆಯಿತೋ, ಅಥವಾ ಎರಡೂ ಕೂಡಿ ಆಯಿತೋ ಅವರೂ ಖಚಿತ ಹೇಳಲಿಲ್ಲ. ಸರಿಯಾಗಿ ಔಷಧ ತೊಗೊಂಡವರಿಗೂ ಒಮ್ಮೊಮ್ಮೆ ಆಗುತ್ತದಂತೆ. ಆದರೆ ಅಕ್ಕೋರು ತಮ್ಮ ತೀರ್ಪು ತಾವೇ ಕೊಟ್ಟುಕೊಂಡರು. ಡಾಕ್ಟರು ಹೋದ ಮೇಲೆ ಗೋಡೆಯ ಕಡೆ ಹೊರಳಿ, "ಹೇಳಿದ್ದು ಅರ್ಧಾ ಕೇಳಸ್ಕೊಂಡ ಬರೋ ಹುಡುಗರಿಗಿ ನಾ ಎಷ್ಟ ಹೊಡದೀನಿ…" ಅಂದರು. ನಾನು ಅವರ ಎಡಗಾಲಿನ ಪಾದ ಹಿಡಿದುಕೊಂಡು ಕೂತಿದ್ದೆ. ಬಲಗಾಲು ಮುಟ್ಟಲು ಹೆದರಿಕೆಯಾಗುತ್ತಿತ್ತು.

ಅವರು ಉಳಿದರು. ಕೆಲವು ದಿನ ದವಾಖಾನೆಯಲ್ಲಿ ಹೆಚ್ಚಿನ ಸೂಜಿ, ಆಮೇಲೆ ಮೂರು ತಿಂಗಳು ಗುಳಿಗೆ ಎಂದಾಯಿತು; ಈ ಸಲ ಸಂಜೆ ಊಟದ ಜೊತೆಗೆ. ಸೋಮವಾರದ ಉಪವಾಸ ಬಿಡಲಿಲ್ಲ. ಆದರೆ ನೀರಿಗೆ ಅಡ್ಡಿಯಿಲ್ಲ ಎಂದು ತಮಗೆ ತಾವೇ ಹೊಸ ಕಾಯದೆ ಮಾಡಿಕೊಂಡರು. ತಂಬಿಗೆ ಪಕ್ಕದಲ್ಲೇ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತ, "ದೇವರಿಗೇನು ನನ್ನ ನೀರಿಂದ ಕೆಲಸ" ಅನ್ನುತ್ತಿದ್ದರು. ಗುಳಿಗೆಯ ಹೊತ್ತಾದರೆ ಅವರೇ ನನ್ನನ್ನು ಕರೆದು, ಬಾಯಿ ತೆರೆದು ತೋರಿಸಿ ನುಂಗುತ್ತಿದ್ದರು. ನಾನು ಬೇಡ ಅಂದರೂ ಕೇಳಲಿಲ್ಲ.

ಹೇಳಬಾರದು, ಆದರೆ ಮೂರು ತಿಂಗಳು ಎಂದು ಡಾಕ್ಟರು ಅಂದಾಗ ನನಗೆ ಒಳಗೊಳಗೇ ಹಿಗ್ಗಾಯಿತು. ಆ ವರ್ಷ ನನ್ನ ಮನೆಯಲ್ಲಿ ದೀಪಾವಳಿ ಆಯಿತು. ಎಷ್ಟೋ ವರ್ಷಗಳ ಮೇಲೆ ಹೊಸ್ತಿಲಿಗೆ ಹಣತೆ ಹಚ್ಚಿದೆ. ಅಕ್ಕೋರಿಗೆ ರವಿಕೆ ಹೊಲಿದೆ. ಬಟ್ಟೆ ತರಲು, ಕೋಲೂರಿಕೊಂಡು, ನನ್ನ ಜೊತೆ ಅಂಗಡಿಯವರೆಗೆ ಅವರೇ ನಡೆದು ಬಂದಿದ್ದರು. ಇನ್ನು ಊರಿಗೆ ಹೋಗುವ ಮಾತೇ ತೆಗೆಯಲಿಕ್ಕಿಲ್ಲ ಎಂದು ನನ್ನಷ್ಟಕ್ಕೆ ನಾನೇ ಅಂದುಕೊಂಡೆ. ಖಾಟಿಗೆ ಹೊಸ ಗಾದಿ ಹೊಲಿಸಿದೆ.

ಡಾಕ್ಟರು ಗುಳಿಗೆ ನಿಲ್ಲಿಸಿದ ಮರುದಿನವೇ ಅಕ್ಕೋರು ಸಂಚಿ ಕಟ್ಟಿದರು.

ಇಲ್ಲೇ ಇದ್ದುಬಿಡಿ ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖದಲ್ಲಿದ್ದ ಉಮೇದು ನೋಡಿ ಹೊರಗೆ ಬರಲಿಲ್ಲ. ಅವರು ಆಪರೇಶನ್ ಮಾಡಿಸಿಕೊಂಡದ್ದು ನನ್ನ ಮನೆಯಲ್ಲಿ ಇರಲಿಕ್ಕಲ್ಲ, ತಮ್ಮ ಮನೆಯಲ್ಲಿ ತಾವು ಓಡಾಡಲಿಕ್ಕೆ. ಕಮಲಾಪುರದವರೆಗೆ ನಾನೂ ಬರುತ್ತೇನೆ ಅಂದೆ. "ಯಾಕ? ನನಗ ಕಾಲ ಬಂದಾವಲ್ಲ" ಎಂದು ನಕ್ಕರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿಯದೆ, ಕೋಲು ಬಗಲಲ್ಲಿ ಇಟ್ಟುಕೊಂಡು, ಬಸ್ಸಿನ ಮೆಟ್ಟಿಲು ಹತ್ತಿದರು. ಮೊದಲು ಒಳ್ಳೆಯ ಕಾಲು, ಆಮೇಲೆ ಹೊಸ ಕಾಲು, ಹೇಳಿಕೊಟ್ಟ ಹಾಗೆಯೇ. ಅಷ್ಟು ದಿನ ನಾನು ಚುಚ್ಚಿದ್ದು, ತೊಳೆದದ್ದು, ನಡೆಸಿದ್ದು ಎಲ್ಲ ಇದಕ್ಕೇ ಅಲ್ಲವೇ? ಬಸ್ಸು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಮನೆಗೆ ಬಂದರೆ ಹಗ್ಗದ ಮೇಲೆ ಅವರ ಒಂದು ಕಾಲುಚೀಲ ಒಣಗುತ್ತಿತ್ತು. ಮುಂದಿನ ಸಲ ಬಂದಾಗ ಕೊಟ್ಟರಾಯಿತು ಎಂದು ಮಡಿಚಿಟ್ಟೆ.

ಆಮೇಲೆಯೂ ದೀಪಾವಳಿಗೆ ಬರುತ್ತಿದ್ದರು, ಅಳತೆ ಕೊಟ್ಟು ಚಹಾ ಕುಡಿದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಒಂದು ರಾತ್ರಿ ಉಳಿಯಿರಿ ಅಂದರೆ, ಮನೆಗೆ ಬೀಗ ಹಾಕಿ ಬಂದಿದ್ದೇನೆ ಅನ್ನುತ್ತಿದ್ದರು. ಹೀಗೇ ಕೆಲವು ವರ್ಷ… ಒಂದು ದಿನ ಬೆಳಿಗ್ಗೆ ತಮ್ಮನ ಮಗನ ಫೋನು ಬಂತು. ಕಾಲಿನ ತೊಂದರೆಯೂ ಅಲ್ಲ, ರಕ್ತದ್ದೂ ಅಲ್ಲ. ಸಣ್ಣ ಜ್ವರ ಬಂದಿತ್ತಂತೆ, ಮಲಗಿದವರು ಏಳಲಿಲ್ಲ.

ನಾನು ಕಮಲಾಪುರ ಮುಟ್ಟಿದಾಗ ಅಂಗಳದ ತುಂಬ ಜನ. ಅವರಲ್ಲಿ ಬಹಳಷ್ಟು ಜನ ಅವರ ಕೈಯಿಂದ ಪೆಟ್ಟು ತಿಂದವರೇ. ಮೀಸೆ ನರೆತ ಗಂಡಸರೂ ಕೈಕಟ್ಟಿಕೊಂಡು ನಿಂತಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಮಣ್ಣು ಮಾಡುವುದೂ ಕೂತ ಹಾಗೆಯೇ. ಒಳಗೆ ಮೈತೊಳೆದು, ವಿಭೂತಿ ಹಚ್ಚಿ, ನೆಲದ ಮೇಲೆ ಗೋಡೆಗೆ ಆನಿಸಿ ಕೂಡಿಸುತ್ತಿದ್ದರು. ಎಡಗಾಲು ಮಡಿಚಿದರು. ಬಲಗಾಲಿಗೆ ಕೈ ಹಾಕಿದಾಗ ನನ್ನ ಬಾಯಿಂದ ತಾನಾಗಿಯೇ ಬಂತು:

"ಆ ಕಾಲ ಮಡಚಬ್ಯಾಡ್ರೀ!"

ಎಲ್ಲರೂ ತಿರುಗಿ ನೋಡಿದರು. ತಮ್ಮನ ಮಗನ ಹೆಂಡತಿ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. "ಈಗ ನೋಯಂಗಿಲ್ಲ ಅಕ್ಕಾ," ಅಂದಳು. ನಿಧಾನವಾಗಿ ಮಡಿಚಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಚಕ್ಕಳಮಕ್ಕಳ ಹಾಕಿ, ನೆಟ್ಟಗೆ, ಅಕ್ಕೋರು ನೆಲದ ಮೇಲೆ ಕೂತಿದ್ದರು. ನಾನು ಅಳಲಿಲ್ಲ, ಅಳು ಬಂದದ್ದು ವಾಪಸು ಬರುವಾಗ ಬಸ್ಸಿನಲ್ಲಿ, ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ.

ಈಗ ನನ್ನ ಮೊಣಕಾಲುಗಳೂ ಸವೆದಿವೆ. ಮಷಿನ್ನು ತುಳಿದು ತುಳಿದು ಆದದ್ದು. ಮೊನ್ನೆ ಎಕ್ಸ್‌ರೇ ಫೋಟೋ ತೆಗೆಸಿದೆ. ಈಗಿನ ಡಾಕ್ಟರು ಬೇರೆ, ನನ್ನ ಕಣ್ಣಿಗೆ ಹುಡುಗಿಯಂತೆ ಕಾಣುವ ಹೆಣ್ಣುಮಗಳು. ಎಲ್ಲ ಸಾವಕಾಶ ತಿಳಿಸಿ ಹೇಳಿದಳು: ಮೊದಲು ಆಪರೇಶನ್, ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಸೂಜಿ, ಆಮೇಲೆ ಗುಳಿಗೆ. ಉಪವಾಸ ಇರುತ್ತೀರೇನು ಎಂದೂ ಕೇಳಿದಳು. ಕೇಳಿದ್ದಕ್ಕೆ ಮನಸ್ಸಿನಲ್ಲೇ ಅವಳಿಗೆ ಕೈಮುಗಿದೆ. ಇಲ್ಲ ಅಂದೆ.

"ಮನ್ಯಾಗ ಯಾರದಾರ್ರಿ? ಸೂಜಿ ಹಾಕೋದು ಅವರಿಗಿ ಕಲಸ್ತೀವಿ."

ಇಷ್ಟು ವರ್ಷ ಈ ಪ್ರಶ್ನೆ ಕೇಳಿದವರಿಗೆಲ್ಲ ಏನಾದರೊಂದು ಹೇಳಿ ಹಾರಿಸುತ್ತ ಬಂದಿದ್ದೇನೆ. ಊರಲ್ಲಿ ಇದ್ದಾರೆ, ಬರುತ್ತಾರೆ, ಹಾಗೆ ಹೀಗೆ. ಆವತ್ತು ಅದು ಬಾಯಿಗೆ ಬರಲಿಲ್ಲ.

"ಯಾರೂ ಇಲ್ರಿ ಬಾಯಿ. ನನಗ ಬರತದ. ನಾನ ಚುಚ್ಕೋತೀನಿ."

ಅವಳು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಎಲ್ಲಿ ಕಲಿತಿರಿ ಎಂದು ಕೇಳಿದಳು. ಹೇಳಬೇಕೆಂದರೆ ಕಮಲಾಪುರದ ಸಾಲಿಯಿಂದ ಶುರು ಮಾಡಬೇಕಿತ್ತು. ಹೊರಗೆ ಸಾಲಾಗಿ ಜನ ಕಾಯುತ್ತಿದ್ದರು. ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಬಂದೆ.